ಮ್ಯೂಸಿಕ್ ಆ್ಯಂಡ್ ಮೆಮೊರಿ

ಮ್ಯೂಸಿಕ್ ಆ್ಯಂಡ್ ಮೆಮೊರಿ ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಯಾರ್ಕ್ ರಾಜ್ಯದಲ್ಲಿ ಆರಂಭವಾದ ಒಂದು ಲಾಭರಹಿತ ಸಂಸ್ಥೆ. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇರುವ ವ್ಯಕ್ತಿಗಳಿಗೆ ಅವರವರ ಬದುಕಿನೊಂದಿಗೆ ಬೆರೆತ ಹಾಡುಗಳನ್ನು ಹುಡುಕಿ, ಪ್ರತಿಯೊಬ್ಬರಿಗೂ ಪ್ರತ್ಯೇಕ ಪಟ್ಟಿ ಸಿದ್ಧಪಡಿಸಿ, ಸಣ್ಣ ಸಂಗೀತ ಸಾಧನ ಹಾಗೂ ಹೆಡ್‌ಫೋನ್ ಮೂಲಕ ಕೇಳಿಸುವುದು ಇದರ ಮುಖ್ಯ ಕಾರ್ಯ. ಸಮಾಜ ಕಾರ್ಯಕರ್ತ ಡ್ಯಾನ್ ಕೊಹೆನ್ ಇದನ್ನು 2010ರಲ್ಲಿ ಸ್ಥಾಪಿಸಿದರು. ಮೈಕೆಲ್ ರೊಸಾಟೊ-ಬೆನೆಟ್ ನಿರ್ದೇಶಿಸಿದ 'ಅಲೈವ್ ಇನ್‌ಸೈಡ್' ಎಂಬ ಸಾಕ್ಷ್ಯಚಿತ್ರದಿಂದ ಈ ಸಂಸ್ಥೆಯ ಕೆಲಸ ಜಗತ್ತಿನ ಗಮನಕ್ಕೆ ಬಂದಿತು. ಅನಂತರ ಅಮೆರಿಕದ ಹಲವು ರಾಜ್ಯಗಳು ತಮ್ಮ ವೃದ್ಧರ ಆರೈಕೆ ಕೇಂದ್ರಗಳಲ್ಲಿ ಈ ಕಾರ್ಯಕ್ರಮವನ್ನು ಜಾರಿಗೆ ತಂದವು. ಇದರ ಪರಿಣಾಮವನ್ನು ಅಳೆಯಲು ನಡೆದ ಅಧ್ಯಯನಗಳು ಭಿನ್ನ ಫಲಿತಾಂಶಗಳನ್ನು ನೀಡಿವೆ.

ಹಿನ್ನೆಲೆ

ಡಿಮೆನ್ಶಿಯಾ ಎಂಬುದು ಒಂದೇ ಕಾಯಿಲೆಯ ಹೆಸರಲ್ಲ. ನೆನಪು, ಆಲೋಚನೆ, ಮಾತು ಮತ್ತು ದಿನನಿತ್ಯದ ಕೆಲಸಗಳನ್ನು ನಿರ್ವಹಿಸುವ ಸಾಮರ್ಥ್ಯ ಕ್ರಮೇಣ ಕುಂದುವ ಹಲವು ಸ್ಥಿತಿಗಳನ್ನು ಒಟ್ಟಾಗಿ ಹೀಗೆ ಕರೆಯುತ್ತಾರೆ. ಇವುಗಳಲ್ಲಿ ಆಲ್ಝೈಮರ್ ಕಾಯಿಲೆಯ ಪಾಲು ಶೇ. 60ರಿಂದ 70ರಷ್ಟು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 5.7 ಕೋಟಿ ಜನರು ಡಿಮೆನ್ಶಿಯಾದೊಂದಿಗೆ ಬದುಕುತ್ತಿದ್ದರು.

ಕಾಯಿಲೆ ಮುಂದುವರಿದಂತೆ ಅನೇಕರಲ್ಲಿ ಚಡಪಡಿಕೆ, ಕೂಗಾಟ, ಗುರಿಯಿಲ್ಲದ ಅಲೆದಾಟ, ಸ್ನಾನ ಅಥವಾ ಊಟಕ್ಕೆ ಪ್ರತಿರೋಧ ಕಾಣಿಸಿಕೊಳ್ಳುತ್ತವೆ. ಇನ್ನು ಕೆಲವರು ಯಾವುದಕ್ಕೂ ಪ್ರತಿಕ್ರಿಯಿಸದೆ ದಿನವಿಡೀ ಸುಮ್ಮನೆ ಕುಳಿತಿರುತ್ತಾರೆ. ಅಮೆರಿಕದ ಆರೈಕೆ ಕೇಂದ್ರಗಳಲ್ಲಿ ಚಡಪಡಿಕೆಯನ್ನು ತಗ್ಗಿಸಲು ಆಂಟಿಸೈಕಾಟಿಕ್ ಔಷಧಿಗಳನ್ನು ದೀರ್ಘಕಾಲದಿಂದ ಬಳಸಲಾಗುತ್ತಿತ್ತು. ಸ್ಕಿಜೋಫ್ರೇನಿಯಾದಂತಹ ಮಾನಸಿಕ ಕಾಯಿಲೆಗಳಿಗಾಗಿ ರೂಪುಗೊಂಡ ಈ ಔಷಧಿಗಳು ಡಿಮೆನ್ಶಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಆ ದೇಶದ ಆಹಾರ ಮತ್ತು ಔಷಧ ಆಡಳಿತವು 2005ರಲ್ಲಿ ಎಚ್ಚರಿಕೆ ನೀಡಿತು. ಆದರೂ ಬಳಕೆ ನಿಲ್ಲಲಿಲ್ಲ. 2011ರ ಕೊನೆಯ ತ್ರೈಮಾಸಿಕದಲ್ಲಿ ಆರೈಕೆ ಕೇಂದ್ರಗಳ ದೀರ್ಘಕಾಲೀನ ನಿವಾಸಿಗಳಲ್ಲಿ ಶೇ. 23.9ರಷ್ಟು ಮಂದಿ ಇಂತಹ ಔಷಧಿಗಳನ್ನು ಪಡೆಯುತ್ತಿದ್ದರು. ಈ ಪ್ರಮಾಣವನ್ನು ತಗ್ಗಿಸಲು ಅಮೆರಿಕದ ಕೇಂದ್ರ ಸರ್ಕಾರವು 2012ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿತು. ಔಷಧಿಯಿಲ್ಲದೆ ವ್ಯಕ್ತಿಯನ್ನು ಸಮಾಧಾನಪಡಿಸುವ ವಿಧಾನಗಳಿಗಾಗಿ ಆರೈಕೆ ಕೇಂದ್ರಗಳು ಹುಡುಕಾಟ ನಡೆಸಿದ್ದ ಈ ಕಾಲದಲ್ಲಿಯೇ ಮ್ಯೂಸಿಕ್ ಆ್ಯಂಡ್ ಮೆಮೊರಿ ಬೆಳೆಯಿತು.

ವ್ಯಕ್ತಿಗೆ ಪ್ರಿಯವಾದ ಸಂಗೀತವನ್ನು ಆರೈಕೆಯಲ್ಲಿ ಬಳಸುವ ಆಲೋಚನೆ ಈ ಸಂಸ್ಥೆಗಿಂತ ಹಳೆಯದು. ಅಮೆರಿಕದ ಶುಶ್ರೂಷಾ ಸಂಶೋಧಕಿ ಲಿಂಡಾ ಗರ್ಡ್ನರ್ 1990ರ ದಶಕದಲ್ಲಿ ಇದನ್ನು ಕ್ರಮಬದ್ಧವಾಗಿ ಅಧ್ಯಯನ ಮಾಡಿದರು. 1993ರಲ್ಲಿ ಪ್ರಕಟವಾದ ಅವರ ಮೊದಲ ಅಧ್ಯಯನದಲ್ಲಿ ಇದ್ದವರು ಕೇವಲ 5 ಮಂದಿ. 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ 39 ಮಂದಿ ಭಾಗವಹಿಸಿದ್ದರು. ಅವರಿಗೆ ಕೆಲವು ವಾರಗಳ ಕಾಲ ಅವರ ಇಷ್ಟದ ಸಂಗೀತವನ್ನೂ ಇನ್ನು ಕೆಲವು ವಾರಗಳ ಕಾಲ ಮನಸ್ಸಿಗೆ ವಿಶ್ರಾಂತಿ ನೀಡುವುದೆಂದು ಪರಿಗಣಿಸಲಾದ ಶಾಸ್ತ್ರೀಯ ಸಂಗೀತವನ್ನೂ ಕೇಳಿಸಲಾಯಿತು. ಇಷ್ಟದ ಸಂಗೀತ ಕೇಳುವಾಗ ಚಡಪಡಿಕೆ ಹೆಚ್ಚು ತಗ್ಗಿದುದು ಕಂಡುಬಂದಿತು. ಎಲ್ಲರಿಗೂ ಒಪ್ಪುವ 'ಶಾಂತ ಸಂಗೀತ' ಎಂಬುದಿಲ್ಲ, ಆಲಿಸುವವರ ಬದುಕಿಗೂ ಹಾಡಿಗೂ ಇರುವ ನಂಟೇ ಮುಖ್ಯ ಎಂಬುದು ಗರ್ಡ್ನರ್ ಅವರ ಸಿದ್ಧಾಂತದ ಸಾರ.

ಸ್ಥಾಪನೆ

ಡ್ಯಾನ್ ಕೊಹೆನ್ 2006ರಲ್ಲಿ ಐಪಾಡ್‌ಗಳ ಜನಪ್ರಿಯತೆಯ ಕುರಿತ ಸುದ್ದಿಯೊಂದನ್ನು ಕೇಳಿದರು. ಮುಂದೊಂದು ದಿನ ತಾವೂ ಆರೈಕೆ ಕೇಂದ್ರವನ್ನು ಸೇರಬೇಕಾಗಿ ಬಂದರೆ ತಮ್ಮ ಯೌವನದ, 1960ರ ದಶಕದ ಹಾಡುಗಳನ್ನು ಕೇಳಲು ಸಾಧ್ಯವಾದೀತೇ ಎಂಬ ಪ್ರಶ್ನೆ ಅವರಲ್ಲಿ ಮೂಡಿತು. ಆ ಕಾಲದ ಆರೈಕೆ ಕೇಂದ್ರಗಳಲ್ಲಿ ಸಂಗೀತವೆಂದರೆ ಸಾಮಾನ್ಯವಾಗಿ ಸಭಾಂಗಣದಲ್ಲಿ ಎಲ್ಲರಿಗೂ ಒಟ್ಟಾಗಿ ನಡೆಯುವ ಕಾರ್ಯಕ್ರಮವಾಗಿತ್ತು. ನೂರಾರು ಹಾಡುಗಳನ್ನು ಹಿಡಿದಿಡಬಲ್ಲ ಪುಟ್ಟ ಸಾಧನವು ಪ್ರತಿಯೊಬ್ಬ ನಿವಾಸಿಗೂ ಅವರದೇ ಆದ ಸಂಗೀತವನ್ನು ಒದಗಿಸಬಲ್ಲದು ಎಂಬುದನ್ನು ಕೊಹೆನ್ ಮನಗಂಡರು.

ನ್ಯೂಯಾರ್ಕ್ ಪ್ರದೇಶದ ಒಂದು ಆರೈಕೆ ಕೇಂದ್ರದಲ್ಲಿ ಅವರು ನಡೆಸಿದ ಮೊದಲ ಪ್ರಯೋಗಕ್ಕೆ ನಿವಾಸಿಗಳಿಂದ, ಸಿಬ್ಬಂದಿಯಿಂದ ಮತ್ತು ಕುಟುಂಬದವರಿಂದ ಉತ್ತಮ ಪ್ರತಿಕ್ರಿಯೆ ದೊರೆಯಿತು. 2008ರಲ್ಲಿ ಶೆಲ್ಲಿ ಮತ್ತು ಡೊನಾಲ್ಡ್ ರೂಬಿನ್ ಪ್ರತಿಷ್ಠಾನದ ಧನಸಹಾಯದೊಂದಿಗೆ ನ್ಯೂಯಾರ್ಕ್‌ನ 4 ದೀರ್ಘಕಾಲೀನ ಆರೈಕೆ ಕೇಂದ್ರಗಳಿಗೆ 200 ಐಪಾಡ್‌ಗಳನ್ನು ಒದಗಿಸಿ ಕಾರ್ಯಕ್ರಮವನ್ನು ವಿಸ್ತೃತವಾಗಿ ಪರೀಕ್ಷಿಸಲಾಯಿತು. 2010ರಲ್ಲಿ ಮ್ಯೂಸಿಕ್ ಆ್ಯಂಡ್ ಮೆಮೊರಿ ಲಾಭರಹಿತ ಸಂಸ್ಥೆಯಾಗಿ ನೋಂದಣಿಯಾಯಿತು. ನ್ಯೂಯಾರ್ಕ್ ನಗರದ ಪೂರ್ವಕ್ಕೆ ಲಾಂಗ್ ಐಲೆಂಡ್‌ನಲ್ಲಿರುವ ಮಿನಿಯೋಲ ಇದರ ಕೇಂದ್ರವಾಯಿತು.

ಕಾರ್ಯವಿಧಾನ

ಸಂಸ್ಥೆಯು ಸ್ವತಃ ರೋಗಿಗಳಿಗೆ ಚಿಕಿತ್ಸೆ ನೀಡುವುದಿಲ್ಲ. ಆರೈಕೆ ಕೇಂದ್ರಗಳ ಸಿಬ್ಬಂದಿಗೆ ಅಂತರ್ಜಾಲದ ಮೂಲಕ ತರಬೇತಿ ನೀಡಿ, ತರಬೇತಿ ಪೂರ್ಣಗೊಳಿಸಿದ ಕೇಂದ್ರಗಳಿಗೆ ಪ್ರಮಾಣಪತ್ರ ಕೊಡುತ್ತದೆ. ಹಾಡುಗಳನ್ನು ಆಯ್ಕೆ ಮಾಡುವುದು, ಸಾಧನಕ್ಕೆ ಅಳವಡಿಸುವುದು, ಕೇಳಿಸಬೇಕಾದ ವೇಳೆಯನ್ನು ನಿರ್ಧರಿಸುವುದು ಮತ್ತು ಆಲಿಸುವವರ ಪ್ರತಿಕ್ರಿಯೆಯನ್ನು ಗಮನಿಸುವುದು ತರಬೇತಿಯ ಮುಖ್ಯ ವಿಷಯಗಳು. ಆರಂಭದ ವರ್ಷಗಳಲ್ಲಿ ಜನರು ಬಳಸದೆ ಬಿಟ್ಟಿದ್ದ ಹಳೆಯ ಐಪಾಡ್‌ಗಳನ್ನು ದಾನವಾಗಿ ಸಂಗ್ರಹಿಸುವ ಅಭಿಯಾನಗಳೂ ನಡೆದವು.

ಈ ವಿಧಾನದಲ್ಲಿ ಅತ್ಯಂತ ಕಷ್ಟದ ಹಂತ ಸರಿಯಾದ ಹಾಡುಗಳನ್ನು ಪತ್ತೆಹಚ್ಚುವುದು. ಮಾತನಾಡಬಲ್ಲವರನ್ನು ನೇರವಾಗಿ ಕೇಳಲಾಗುತ್ತದೆ. ಮಾತು ನಿಂತಿರುವವರ ವಿಷಯದಲ್ಲಿ ಕುಟುಂಬದವರನ್ನೂ ಹಳೆಯ ಸ್ನೇಹಿತರನ್ನೂ ವಿಚಾರಿಸಲಾಗುತ್ತದೆ. ವ್ಯಕ್ತಿ ಬೆಳೆದ ಊರು, ಮನೆಮಾತು, ಧರ್ಮ, ಶಾಲಾದಿನಗಳು, ಮದುವೆಯಲ್ಲಿ ನುಡಿಸಿದ ಹಾಡು, ಕಲಿತಿದ್ದ ವಾದ್ಯ, ಮೆಚ್ಚಿನ ಗಾಯಕರು ಮುಂತಾದ ವಿವರಗಳು ಸುಳಿವು ನೀಡುತ್ತವೆ. ಸಾಮಾನ್ಯವಾಗಿ ಹತ್ತರಿಂದ ಮೂವತ್ತು ವರ್ಷ ವಯಸ್ಸಿನ ನಡುವಿನ ನೆನಪುಗಳು ಇತರ ಕಾಲದ ನೆನಪುಗಳಿಗಿಂತ ಗಾಢವಾಗಿರುವುದರಿಂದ ಆ ಕಾಲದ ಹಾಡುಗಳಿಗೆ ಹೆಚ್ಚಿನ ಮಹತ್ವವಿದೆ. ಆದರೆ 'ನಲವತ್ತರ ದಶಕದ ಜನಪ್ರಿಯ ಗೀತೆಗಳು' ಎಂಬಂತಹ ಸಿದ್ಧ ಸಂಗ್ರಹ ಸಾಲದು. ಒಂದೇ ಊರಿನಲ್ಲಿ ಒಂದೇ ವರ್ಷ ಹುಟ್ಟಿದ ಇಬ್ಬರ ಹಾಡುಗಳೂ ಬೇರೆ ಬೇರೆಯಾಗಿರಬಹುದು. ಒಂದೊಂದು ಹಾಡನ್ನೂ ಕೇಳಿಸಿ, ಮುಖಭಾವ, ಕಣ್ಣಿನ ಚಲನೆ, ಕೈಕಾಲುಗಳ ತಾಳವನ್ನು ಗಮನಿಸಿ, ಒಪ್ಪಿಗೆಯಾಗದವನ್ನು ಪಟ್ಟಿಯಿಂದ ತೆಗೆಯಲಾಗುತ್ತದೆ.

ಕೆಲವು ಹಾಡುಗಳು ಯುದ್ಧ, ಅಗಲಿಕೆ ಅಥವಾ ಸಾವಿನ ನೆನಪನ್ನು ಕೆರಳಿಸಬಹುದು. ಆದ್ದರಿಂದ ಹೆಡ್‌ಫೋನ್ ಹಾಕಿ ವ್ಯಕ್ತಿಯನ್ನು ಒಂಟಿಯಾಗಿ ಬಿಟ್ಟುಹೋಗುವುದು ಸರಿಯಾದ ಕ್ರಮವಲ್ಲ. ಶಬ್ದದ ಮಟ್ಟವನ್ನು ಪರೀಕ್ಷಿಸುವುದು, ಕಿರಿಕಿರಿಯ ಲಕ್ಷಣ ಕಂಡ ಕೂಡಲೆ ನಿಲ್ಲಿಸುವುದು ಅಗತ್ಯ. ಒಂದೇ ಸಾಧನಕ್ಕೆ ಎರಡು ಹೆಡ್‌ಫೋನ್ ಜೋಡಿಸಿ ಮನೆಯವರೂ ಜೊತೆಯಲ್ಲಿ ಕೇಳುವ ಏರ್ಪಾಡು ಮಾಡಬಹುದು. ಸ್ನಾನ ಮಾಡಿಸುವುದಕ್ಕೆ ಮೊದಲು ಅಥವಾ ಸಂಜೆಯ ಚಡಪಡಿಕೆ ಆರಂಭವಾಗುವುದಕ್ಕೆ ಮುನ್ನ ಸಂಗೀತ ಕೇಳಿಸುವುದೂ ಉಂಟು.

ಆ್ಯಪಲ್ ಕಂಪನಿಯು ಕಾರ್ಯಕ್ರಮಕ್ಕೆ ಅನುಕೂಲವಾಗಿದ್ದ ಪುಟ್ಟ ಗಾತ್ರದ ಐಪಾಡ್ ಶಫಲ್ ಮಾದರಿಯನ್ನು 2017ರಲ್ಲಿಯೂ ಐಪಾಡ್ ಸರಣಿಯನ್ನು ಸಂಪೂರ್ಣವಾಗಿ 2022ರಲ್ಲಿಯೂ ನಿಲ್ಲಿಸಿತು. ಆದ್ದರಿಂದ ಕಾರ್ಯಕ್ರಮವು ಇತರ ಸಂಗೀತ ಸಾಧನಗಳನ್ನೂ ಅಂತರ್ಜಾಲ ಸಂಗೀತ ಸೇವೆಗಳನ್ನೂ ಅವಲಂಬಿಸಬೇಕಾಯಿತು.

ಅಲೈವ್ ಇನ್‌ಸೈಡ್

ಚಿತ್ರನಿರ್ಮಾಪಕ ಮೈಕೆಲ್ ರೊಸಾಟೊ-ಬೆನೆಟ್ ಆರಂಭದಲ್ಲಿ ಕೊಹೆನ್ ಅವರ ಕೆಲಸವನ್ನು ಒಂದು ದಿನದ ಮಟ್ಟಿಗೆ ಚಿತ್ರೀಕರಿಸಲು ಬಂದವರು. ತಾವು ಕಂಡ ದೃಶ್ಯಗಳಿಂದ ಪ್ರಭಾವಿತರಾಗಿ ಮೂರು ವರ್ಷಗಳ ಕಾಲ ಚಿತ್ರೀಕರಣ ಮುಂದುವರಿಸಿದರು. 2012ರ ಏಪ್ರಿಲ್‌ನಲ್ಲಿ ಈ ಚಿತ್ರದ ಒಂದು ತುಣುಕು ಅಂತರ್ಜಾಲದಲ್ಲಿ ಹರಡಿ ಲಕ್ಷಾಂತರ ಜನರನ್ನು ತಲುಪಿತು. ಹೆನ್ರಿ ಎಂದು ಪರಿಚಯಿಸಲಾದ ವೃದ್ಧರೊಬ್ಬರು ಅದರ ಕೇಂದ್ರ. ಗಾಲಿಕುರ್ಚಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದ ಅವರು ಹೆಡ್‌ಫೋನ್ ಹಾಕಿದೊಡನೆ ಕಣ್ಣರಳಿಸಿ ಹಾಡತೊಡಗುತ್ತಾರೆ. ಹೆಡ್‌ಫೋನ್ ತೆಗೆದ ಬಳಿಕವೂ ಪ್ರಶ್ನೆಗಳಿಗೆ ಉತ್ತರಿಸುತ್ತಾ ತಮ್ಮ ಮೆಚ್ಚಿನ ಜಾಝ್ ಗಾಯಕ ಕ್ಯಾಬ್ ಕ್ಯಾಲೊವೇ ಅವರ ಕುರಿತು ಉತ್ಸಾಹದಿಂದ ಮಾತನಾಡುತ್ತಾರೆ.

ನರರೋಗ ತಜ್ಞ ಹಾಗೂ ಲೇಖಕ ಆಲಿವರ್ ಸ್ಯಾಕ್ಸ್ (1933–2015) ಚಿತ್ರದಲ್ಲಿ ಈ ಬದಲಾವಣೆಯನ್ನು ವಿವರಿಸಿದ್ದಾರೆ. ಸಂಗೀತ ಮತ್ತು ಮೆದುಳಿನ ಸಂಬಂಧವನ್ನು ಕುರಿತ ಅವರ 'ಮ್ಯೂಸಿಕೋಫಿಲಿಯಾ' ಕೃತಿ 2007ರಲ್ಲಿ ಪ್ರಕಟವಾಗಿತ್ತು. ಗಾಯಕ ಬಾಬಿ ಮೆಕ್‌ಫೆರಿನ್ ಸಹ ಚಿತ್ರದಲ್ಲಿ ಕಾಣಿಸಿಕೊಂಡಿದ್ದಾರೆ. ಪೂರ್ಣ ಚಿತ್ರವು 2014ರ ಸನ್‌ಡ್ಯಾನ್ಸ್ ಚಲನಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡು ಅಮೆರಿಕನ್ ಸಾಕ್ಷ್ಯಚಿತ್ರ ವಿಭಾಗದಲ್ಲಿ ಪ್ರೇಕ್ಷಕರ ಪ್ರಶಸ್ತಿ ಗಳಿಸಿತು. ವೃದ್ಧರನ್ನು ಸಂಸ್ಥೆಗಳಿಗೆ ಒಪ್ಪಿಸಿ ಮರೆತುಬಿಡುವ ವ್ಯವಸ್ಥೆಯನ್ನೂ, ಔಷಧಿಗೆ ಸುಲಭವಾಗಿ ದೊರೆಯುವ ಹಣ ಸಂಗೀತಕ್ಕೆ ದೊರೆಯದಿರುವುದನ್ನೂ ಈ ಚಿತ್ರ ಪ್ರಶ್ನಿಸುತ್ತದೆ.

ಸಂಗೀತದ ನೆನಪು ಮತ್ತು ಮೆದುಳು

ಇತ್ತೀಚಿನ ಘಟನೆಗಳನ್ನೂ ಹತ್ತಿರದವರ ಹೆಸರುಗಳನ್ನೂ ಮರೆತವರು ಹಳೆಯ ಹಾಡನ್ನು ಪೂರ್ಣವಾಗಿ ಹಾಡಬಲ್ಲರು ಎಂಬುದು ಬಹುಕಾಲದಿಂದ ತಿಳಿದಿದ್ದ ಸಂಗತಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪೀಟರ್ ಜನಾಟ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತ ಯುವಜನರಿಗೆ ಅವರ ಬಾಲ್ಯ ಮತ್ತು ಹದಿಹರೆಯದ ಹಾಡುಗಳನ್ನು ಕೇಳಿಸಿ ಮೆದುಳಿನ ಚಟುವಟಿಕೆಯನ್ನು ದಾಖಲಿಸಲಾಯಿತು. ಹಾಡು, ಭಾವನೆ ಮತ್ತು ಸ್ವಂತ ಬದುಕಿನ ನೆನಪು ಒಂದುಗೂಡುವಲ್ಲಿ ಹಣೆಯ ಹಿಂಭಾಗದ ಮಧ್ಯದಲ್ಲಿರುವ ಮೆದುಳಿನ ಭಾಗವು ಪಾತ್ರ ವಹಿಸುವುದು ಅದರಲ್ಲಿ ಕಂಡುಬಂದಿತು. ಆಲ್ಝೈಮರ್ ಕಾಯಿಲೆಯಲ್ಲಿ ಈ ಭಾಗವು ಇತರ ಭಾಗಗಳಿಗಿಂತ ತಡವಾಗಿ ಕ್ಷೀಣಿಸುತ್ತದೆ.

ಜರ್ಮನಿಯ ಲೈಪ್‌ಝಿಗ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ಮತ್ತು ಅವರ ಸಹೋದ್ಯೋಗಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನದು. ದೀರ್ಘಕಾಲದಿಂದ ಪರಿಚಿತವಾಗಿರುವ ಸಂಗೀತವನ್ನು ಗುರುತಿಸುವ ಮೆದುಳಿನ ಭಾಗಗಳನ್ನು ಮೊದಲು ಆರೋಗ್ಯವಂತರಲ್ಲಿ ಪತ್ತೆಹಚ್ಚಿ, ಅನಂತರ ಆಲ್ಝೈಮರ್ ಇರುವವರಲ್ಲಿ ಅದೇ ಭಾಗಗಳನ್ನು ಪರೀಕ್ಷಿಸಿದಾಗ ಅಲ್ಲಿ ಜೀವಕೋಶಗಳ ನಾಶ ತುಲನಾತ್ಮಕವಾಗಿ ಕಡಿಮೆಯಾಗಿತ್ತು. ಸಂಗೀತದ ನೆನಪು ಏಕೆ ಉಳಿಯುತ್ತದೆ ಎಂಬುದನ್ನು ಇಂತಹ ಅಧ್ಯಯನಗಳು ವಿವರಿಸಲು ಯತ್ನಿಸುತ್ತವೆ. ಸಂಗೀತವು ಕಾಯಿಲೆಯನ್ನು ತಡೆಯುತ್ತದೆ ಅಥವಾ ಗುಣಪಡಿಸುತ್ತದೆ ಎಂದು ಇವುಗಳಿಂದ ತೀರ್ಮಾನಿಸಲಾಗದು.

ವಿಸ್ತರಣೆ

2013ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಆರೋಗ್ಯ ಇಲಾಖೆಯು 100 ಆರೈಕೆ ಕೇಂದ್ರಗಳಲ್ಲಿ ಕಾರ್ಯಕ್ರಮವನ್ನು ಆರಂಭಿಸಿತು. ಅನಂತರ ಇತರ ರಾಜ್ಯಗಳೂ ಇದನ್ನು ಅನುಸರಿಸಿದವು. ಕ್ಯಾಲಿಫೋರ್ನಿಯಾದಲ್ಲಿ ಆರೈಕೆ ಕೇಂದ್ರಗಳ ಒಕ್ಕೂಟದ ಮೂಲಕ ಇದು ನೂರಾರು ಕೇಂದ್ರಗಳಿಗೆ ಹಬ್ಬಿತು. ಅಮೆರಿಕದಲ್ಲಿಯೂ ಕೆನಡಾ ಮೊದಲಾದ ಇತರ ದೇಶಗಳಲ್ಲಿಯೂ ಸಾವಿರಾರು ಆರೈಕೆ ಕೇಂದ್ರಗಳು ಸಂಸ್ಥೆಯ ತರಬೇತಿಯನ್ನು ಪಡೆದಿವೆ.

ಪರಿಣಾಮದ ಅಧ್ಯಯನಗಳು

ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವು 2013ರಲ್ಲಿ ತರಬೇತಿ ಪಡೆದ 98 ಆರೈಕೆ ಕೇಂದ್ರಗಳನ್ನು ಅಂತಹ ತರಬೇತಿ ಇಲ್ಲದ 98 ಕೇಂದ್ರಗಳೊಂದಿಗೆ ಹೋಲಿಸಿತು. ಆಂಟಿಸೈಕಾಟಿಕ್ ಔಷಧಿ ಬಳಸುತ್ತಿದ್ದ ನಿವಾಸಿಗಳಲ್ಲಿ 6 ತಿಂಗಳೊಳಗೆ ಅದನ್ನು ನಿಲ್ಲಿಸಿದವರ ಪ್ರಮಾಣವು ತರಬೇತಿ ಪಡೆದ ಕೇಂದ್ರಗಳಲ್ಲಿ ಶೇ. 17.6ರಿಂದ 20.1ಕ್ಕೆ ಏರಿತು. ಹೋಲಿಕೆಯ ಕೇಂದ್ರಗಳಲ್ಲಿ ಅಂತಹ ಏರಿಕೆ ಕಾಣಲಿಲ್ಲ. ಕ್ಯಾಲಿಫೋರ್ನಿಯಾದ 265 ಕೇಂದ್ರಗಳ 4,107 ನಿವಾಸಿಗಳನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಔಷಧಿ ಬಳಕೆ ಮತ್ತು ಆಕ್ರಮಣಕಾರಿ ವರ್ತನೆ ತಗ್ಗಿದುದು ವರದಿಯಾಯಿತು. ಆದರೆ ಅದರಲ್ಲಿ ಕಾರ್ಯಕ್ರಮವಿಲ್ಲದ ಹೋಲಿಕೆ ಗುಂಪು ಇರಲಿಲ್ಲ. ರಾಷ್ಟ್ರೀಯ ನೀತಿಯ ಪರಿಣಾಮವಾಗಿ ಆ ವರ್ಷಗಳಲ್ಲಿ ದೇಶದೆಲ್ಲೆಡೆ ಆಂಟಿಸೈಕಾಟಿಕ್ ಬಳಕೆ ಇಳಿಯುತ್ತಿದ್ದುದರಿಂದ, ಇಳಿಕೆಯಲ್ಲಿ ಸಂಗೀತದ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳುವುದು ಕಷ್ಟ.

ಭಾಗವಹಿಸುವವರನ್ನು ಅಥವಾ ಕೇಂದ್ರಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಎರಡು ಗುಂಪುಗಳಾಗಿ ವಿಂಗಡಿಸಿ ನಡೆಸುವ ಪ್ರಯೋಗಗಳಲ್ಲಿ ಚಿತ್ರ ಬೇರೆಯಾಗಿತ್ತು. ವಿಸ್ಕಾನ್ಸಿನ್‌ನ 10 ಕೇಂದ್ರಗಳ 59 ನಿವಾಸಿಗಳೊಂದಿಗೆ ನಡೆದ ಪ್ರಯೋಗದಲ್ಲಿ ಗಮನಾರ್ಹ ಪರಿಣಾಮ ಕಾಣಲಿಲ್ಲ. ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರೇ ಅನಂತರ 54 ಆರೈಕೆ ಕೇಂದ್ರಗಳಲ್ಲಿ ದೊಡ್ಡ ಪ್ರಯೋಗವೊಂದನ್ನು ನಡೆಸಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸಿಬ್ಬಂದಿ ವರದಿ ಮಾಡಿದ ಚಡಪಡಿಕೆಯಲ್ಲಾಗಲಿ ಆಂಟಿಸೈಕಾಟಿಕ್ ಬಳಕೆಯಲ್ಲಾಗಲಿ ಎರಡು ಗುಂಪುಗಳ ನಡುವೆ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಮನಾರ್ಹ ವ್ಯತ್ಯಾಸವಿರಲಿಲ್ಲ.

ಸಂಗೀತ ಆಧಾರಿತ ಚಿಕಿತ್ಸೆಗಳನ್ನು ಒಟ್ಟಾಗಿ ಪರಿಶೀಲಿಸಿದ 2018ರ ಕಾಕ್ರೇನ್ ವಿಮರ್ಶೆಯು 22 ಪ್ರಯೋಗಗಳನ್ನು ಒಳಗೊಂಡಿತ್ತು. ಇಂತಹ ಚಿಕಿತ್ಸೆಯು ಖಿನ್ನತೆಯ ಲಕ್ಷಣಗಳನ್ನು ಬಹುಶಃ ತಗ್ಗಿಸುತ್ತದೆ, ಆದರೆ ಚಡಪಡಿಕೆ ಮತ್ತು ಆಕ್ರಮಣಶೀಲತೆಯ ಮೇಲೆ ಪರಿಣಾಮ ಅಲ್ಪ ಅಥವಾ ಇಲ್ಲವೇ ಇಲ್ಲ ಎಂಬುದು ಅದರ ತೀರ್ಮಾನ. ಈ ವಿಮರ್ಶೆಯಲ್ಲಿ ತರಬೇತಿ ಪಡೆದ ಚಿಕಿತ್ಸಕರು ಗುಂಪಿನಲ್ಲಿ ಹಾಡಿಸುವ, ವಾದ್ಯ ನುಡಿಸುವ ವಿಧಾನಗಳೂ ಸೇರಿದ್ದವು. ಆದ್ದರಿಂದ ಇದು ಹೆಡ್‌ಫೋನ್ ಮೂಲಕ ಹಾಡು ಕೇಳಿಸುವ ಕಾರ್ಯಕ್ರಮದ ನೇರ ಅಳತೆಯಲ್ಲ.

ಮಿತಿಗಳು ಮತ್ತು ಟೀಕೆ

ಸಾಕ್ಷ್ಯಚಿತ್ರದಲ್ಲಿ ಕಾಣುವ ನಾಟಕೀಯ ಬದಲಾವಣೆ ಎಲ್ಲರಲ್ಲಿಯೂ ಆಗುವುದಿಲ್ಲ. ಆರಿಸಿದ ಕೆಲವೇ ಕ್ಷಣಗಳನ್ನು ತೋರಿಸುವ ಚಿತ್ರವು ಕುಟುಂಬಗಳಲ್ಲಿ ಅತಿಯಾದ ನಿರೀಕ್ಷೆಯನ್ನು ಹುಟ್ಟಿಸಬಹುದು. ತಮ್ಮವರು ಹಾಡಿಗೆ ಸ್ಪಂದಿಸದಿದ್ದಾಗ ಸರಿಯಾದ ಹಾಡನ್ನು ಹುಡುಕಲು ತಾವೇ ಸೋತೆವು ಎಂಬ ಕೊರಗು ಉಳಿಯಬಹುದು. ತಮ್ಮನ್ನು ಚಿತ್ರೀಕರಿಸಲು ಅರಿತು ಒಪ್ಪಿಗೆ ನೀಡುವ ಸಾಮರ್ಥ್ಯ ಕುಂದಿದವರ ಚಿತ್ರಗಳನ್ನು ಸಾರ್ವಜನಿಕವಾಗಿ ಪ್ರದರ್ಶಿಸುವುದರ ಔಚಿತ್ಯವೂ ಈ ಕ್ಷೇತ್ರದ ನೈತಿಕ ಪ್ರಶ್ನೆಗಳಲ್ಲೊಂದು.

ಸಿಬ್ಬಂದಿಯ ಸಮಯ ಇನ್ನೊಂದು ಮುಖ್ಯ ಮಿತಿ. ಸಾಧನದ ಬೆಲೆ ಕಡಿಮೆಯಾದರೂ ಹಾಡು ಹುಡುಕಲು, ಬ್ಯಾಟರಿ ತುಂಬಿಸಲು, ಕಳೆದುಹೋದ ಹೆಡ್‌ಫೋನ್ ಬದಲಿಸಲು, ಆಲಿಸುವವರ ಬಳಿ ಕುಳಿತುಕೊಳ್ಳಲು ಜನ ಬೇಕು. ಸಿಬ್ಬಂದಿ ಕೊರತೆಯಿರುವ ಕೇಂದ್ರಗಳಲ್ಲಿ ಕಾರ್ಯಕ್ರಮ ಹೆಸರಿಗಷ್ಟೇ ಉಳಿಯುವ ಸಾಧ್ಯತೆಯಿದೆ. ಶ್ರವಣದೋಷವಿರುವವರಿಗೂ ತಲೆಯ ಮೇಲೆ ಹೆಡ್‌ಫೋನ್ ಸಹಿಸದವರಿಗೂ ಇದು ಹೊಂದುವುದಿಲ್ಲ.

ಚಡಪಡಿಕೆಯ ಅಂಕಗಳನ್ನೇ ಯಶಸ್ಸಿನ ಅಳತೆಯನ್ನಾಗಿ ಮಾಡಬೇಕೇ ಎಂಬುದೂ ಚರ್ಚೆಯ ವಿಷಯ. ಆರೋಗ್ಯವಂತರು ಹಾಡು ಕೇಳುವುದು ಯಾವುದೋ ಲಕ್ಷಣವನ್ನು ತಗ್ಗಿಸಿಕೊಳ್ಳಲು ಮಾತ್ರವಲ್ಲ, ಸಂತೋಷಕ್ಕಾಗಿ. ಡಿಮೆನ್ಶಿಯಾ ಇರುವವರಿಗೂ ಆ ಸಂತೋಷದ ಹಕ್ಕಿದೆ ಎಂಬುದು ಕಾರ್ಯಕ್ರಮದ ಪರವಾದ ವಾದ. ಸಾರ್ವಜನಿಕ ಹಣವನ್ನು ವೈದ್ಯಕೀಯ ಪ್ರಯೋಜನದ ಹೆಸರಿನಲ್ಲಿ ವೆಚ್ಚ ಮಾಡುವಾಗ ಆ ಪ್ರಯೋಜನ ಸಾಬೀತಾಗಬೇಕು ಎಂಬುದು ಇದಕ್ಕೆ ಪ್ರತಿವಾದ. ಇವೆರಡರ ನಡುವೆಯೂ ಒಪ್ಪಿಗೆಯ ಒಂದು ಅಂಶವಿದೆ: ಒಬ್ಬರ ಹಾಡುಗಳನ್ನು ಹುಡುಕುವ ನೆಪದಲ್ಲಿ, ಕಾಯಿಲೆಗೆ ಮೊದಲು ಅವರು ಏನಾಗಿದ್ದರು ಎಂಬುದನ್ನು ಆರೈಕೆ ಮಾಡುವವರು ಅರಿಯುತ್ತಾರೆ.

ಇದೇ ಮಾರ್ಗದ ಇತರ ಪ್ರಯತ್ನಗಳು

ಡಿಮೆನ್ಶಿಯಾ ಇರುವವರಿಗೆಂದೇ ದೃಶ್ಯ, ಶ್ರವ್ಯ ಮತ್ತು ಮುದ್ರಿತ ಮಾಧ್ಯಮಗಳನ್ನು ರೂಪಿಸಿದ ಇತರರೂ ಇದ್ದಾರೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇಲ್ ಲುಂಡ್ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿ 'ವಿಡಿಯೊ ರೆಸ್ಪೈಟ್' ಎಂಬ ವಿಡಿಯೊ ಸುರುಳಿಗಳನ್ನು ಸಿದ್ಧಪಡಿಸಿದರು. ಅವುಗಳಲ್ಲಿ ವ್ಯಕ್ತಿಯೊಬ್ಬರು ಪರದೆಯಿಂದ ನೇರವಾಗಿ ಪ್ರೇಕ್ಷಕರೊಂದಿಗೆ ಮಾತನಾಡಿ, ಸರಳ ಪ್ರಶ್ನೆ ಕೇಳಿ, ಉತ್ತರಕ್ಕಾಗಿ ಕಾಯುತ್ತಾರೆ. ಆರೈಕೆ ಮಾಡುವ ಮನೆಯವರಿಗೆ ಸ್ವಲ್ಪ ಬಿಡುವು ಒದಗಿಸುವುದು ಇದರ ಉದ್ದೇಶವಾಗಿತ್ತು.

ಸ್ಕಾಟ್ಲೆಂಡ್‌ನ ಪತ್ರಕರ್ತೆ ಹಾಗೂ ಬಿಬಿಸಿ ನಿರೂಪಕಿ ಸ್ಯಾಲಿ ಮ್ಯಾಗ್ನುಸನ್ 2013ರಲ್ಲಿ 'ಪ್ಲೇಲಿಸ್ಟ್ ಫಾರ್ ಲೈಫ್' ಎಂಬ ಧರ್ಮಾರ್ಥ ಸಂಸ್ಥೆಯನ್ನು ಸ್ಥಾಪಿಸಿದರು. ಪತ್ರಕರ್ತೆಯಾಗಿದ್ದ ಅವರ ತಾಯಿ ಮೇಮಿ ಬೇರ್ಡ್ ಡಿಮೆನ್ಶಿಯಾಕ್ಕೆ ಒಳಗಾಗಿ 2012ರಲ್ಲಿ ನಿಧನರಾದರು. ಇತರ ಸಾಮರ್ಥ್ಯಗಳು ಕುಂದಿದಾಗಲೂ ತಾಯಿಯಲ್ಲಿ ಹಾಡುವ ಶಕ್ತಿ ಉಳಿದಿದ್ದುದನ್ನು ಮ್ಯಾಗ್ನುಸನ್ ಕಂಡಿದ್ದರು. ತಾಯಿಯ ಕಾಯಿಲೆಯ ವರ್ಷಗಳನ್ನು ಕುರಿತ ಅವರ 'ವೇರ್ ಮೆಮೊರೀಸ್ ಗೋ' ಎಂಬ ಕೃತಿ 2014ರಲ್ಲಿ ಹೊರಬಂದಿತು. ಈ ಸಂಸ್ಥೆಯು ಆರೈಕೆ ಕೇಂದ್ರಗಳ ಜೊತೆಗೆ ಮನೆಗಳಲ್ಲಿಯೇ ಕುಟುಂಬದವರು ಹಾಡುಗಳ ಪಟ್ಟಿ ಸಿದ್ಧಪಡಿಸಲು ನೆರವಾಗುತ್ತದೆ.

ಇಂಗ್ಲೆಂಡ್‌ನ ಹೆಲೆನ್ ಬೇಟ್ ಆರಂಭಿಸಿದ 'ಪಿಕ್ಚರ್ಸ್ ಟು ಶೇರ್' ಸಂಸ್ಥೆಯು ಡಿಮೆನ್ಶಿಯಾ ಇರುವವರಿಗಾಗಿ ಚಿತ್ರಪುಸ್ತಕಗಳನ್ನು ಪ್ರಕಟಿಸಿತು. ದೊಡ್ಡ ಚಿತ್ರ, ಕಡಿಮೆ ಪದಗಳಿದ್ದರೂ ಇವು ಮಕ್ಕಳ ಪುಸ್ತಕಗಳಂತಿರದೆ ವಯಸ್ಕರ ಅಭಿರುಚಿಗೆ ತಕ್ಕಂತೆ ರೂಪುಗೊಂಡವು. ನೆದರ್ಲೆಂಡ್ಸ್‌ನ ವಿನ್ಯಾಸಕಿ ಹೆಸ್ಟರ್ ಲ ರೀಶ್ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ತಮ್ಮ ಸಂಶೋಧನೆಯ ಭಾಗವಾಗಿ 'ಟೋವರ್‌ಟಾಫೆಲ್' ಎಂಬ ಸಾಧನವನ್ನು ರೂಪಿಸಿ, ಅದನ್ನು ಮಾರುಕಟ್ಟೆಗೆ ತರಲು 'ಆ್ಯಕ್ಟಿವ್ ಕ್ಯೂಸ್' ಕಂಪನಿಯನ್ನು ಸ್ಥಾಪಿಸಿದರು. ಡಚ್ ಭಾಷೆಯಲ್ಲಿ ಈ ಹೆಸರಿಗೆ 'ಮಾಯಾ ಮೇಜು' ಎಂದರ್ಥ. ಚಾವಣಿಗೆ ಅಳವಡಿಸಿದ ಪೆಟ್ಟಿಗೆಯು ಮೇಜಿನ ಮೇಲೆ ಹೂವು, ಎಲೆ, ಚೆಂಡು ಮುಂತಾದ ಬೆಳಕಿನ ಚಿತ್ರಗಳನ್ನು ಮೂಡಿಸುತ್ತದೆ, ಕೈಯಾಡಿಸಿದಾಗ ಅವು ಚಲಿಸುತ್ತವೆ. ಕಾಯಿಲೆ ಬಲಿತವರಲ್ಲಿ ಕಾಣುವ ನಿರಾಸಕ್ತಿಯನ್ನು ತಗ್ಗಿಸಿ, ಮೇಜಿನ ಸುತ್ತ ಕುಳಿತವರು ಒಬ್ಬರಿಗೊಬ್ಬರು ಸ್ಪಂದಿಸುವಂತೆ ಮಾಡುವುದು ಇದರ ಉದ್ದೇಶ.